ದಾರ ಬಿಚ್ಚುವ ಎರಡು ಬಗೆ: ಸೆಂಟರ್‌ಪಿನ್ ರೀಲಿನ ಕಥೆ

ಹೊಲಿಗೆ ಯಂತ್ರವನ್ನು ನೀವೆಲ್ಲ ನೋಡಿದ್ದೀರಿ. ಅದರ ಮೇಲ್ಭಾಗದಲ್ಲಿ ಸಣ್ಣದೊಂದು ಕಡ್ಡಿ ನಿಂತಿರುತ್ತದೆ. ಆ ಕಡ್ಡಿಗೆ ದಾರದ ರೀಲನ್ನು ಸಿಕ್ಕಿಸಿರುತ್ತಾರೆ. ಸೂಜಿ ದಾರವನ್ನು ಎಳೆದಂತೆಲ್ಲ ರೀಲು ಗಿರಗಿರನೆ ತಿರುಗುತ್ತದೆ. ಈಗ ಸಿದ್ಧ ಉಡುಪಿನ ಕಾರ್ಖಾನೆಯೊಂದಕ್ಕೆ ಹೋಗಿ ನೋಡಿ. ಅಲ್ಲಿ ದಾರ ಇರುವುದು ದೊಡ್ಡ ಕೋನುಗಳಲ್ಲಿ. ಯಂತ್ರ ಎಷ್ಟೇ ವೇಗವಾಗಿ ಓಡಲಿ, ಕೋನು ಮಾತ್ರ ಕದಲುವುದಿಲ್ಲ. ದಾರ ಅದರ ತುದಿಯ ಮೇಲಿನಿಂದ ಸುತ್ತು ಬಿಚ್ಚಿಕೊಂಡು ಹೊರಟುಹೋಗುತ್ತದೆ. ಸುತ್ತಿಟ್ಟ ದಾರವನ್ನು ಬಿಚ್ಚಲು ಇರುವುದು ಈ ಎರಡೇ ಬಗೆ. ಒಂದೋ ಗಾಲಿ ತಿರುಗಬೇಕು, ಇಲ್ಲವೇ ಗಾಲಿ ನಿಂತು ದಾರ ಅದರ ತುದಿಯಿಂದ ಜಾರಬೇಕು.

ಈ ಸಣ್ಣ ಭೇದದ ಸುತ್ತ ಒಂದು ಇತಿಹಾಸವೇ ಇದೆ. ಅದು ನಡೆದದ್ದು ಇಂಗ್ಲೆಂಡಿನ ಜವಳಿ ಊರುಗಳಲ್ಲಿ. ಆದರೆ ಅದರ ಕಥಾನಾಯಕ ಬಟ್ಟೆಯಲ್ಲ, ಮೀನು ಹಿಡಿಯುವ ಗಾಳದ ರೀಲು. ತಿರುಗುವ ಬಗೆಯ ರೀಲಿಗೆ ಸೆಂಟರ್‌ಪಿನ್ ಎಂದು ಹೆಸರು. ನಡುವೆ ಒಂದು ಉಕ್ಕಿನ ಕೀಲು, ಅದರ ಮೇಲೆ ಸರಾಗವಾಗಿ ತಿರುಗುವ ಒಂದು ಗಾಲಿ, ಗಾಲಿಯ ಮೇಲೆ ಎರಡು ಪುಟ್ಟ ಹಿಡಿಗಳು, ಇಷ್ಟೇ ಅದರ ರಚನೆ. ವೇಗ ಹೆಚ್ಚಿಸುವ ಹಲ್ಲುಚಕ್ರಗಳಿಲ್ಲ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ಗಾಲಿ ನಿಂತೇ ಇರುವ ಬಗೆಗೆ ಫಿಕ್ಸೆಡ್ ಸ್ಪೂಲ್ ಎನ್ನುತ್ತಾರೆ. 20ನೆಯ ಶತಮಾನದ ಮಧ್ಯಭಾಗದಲ್ಲಿ ಎರಡನೆಯದು ಮೊದಲನೆಯದನ್ನು ಅಂಗಡಿಗಳಿಂದ ಹೆಚ್ಚುಕಡಿಮೆ ಹೊರದೂಡಿತು. ಆದರೂ ಅರವತ್ತು, ಎಂಬತ್ತು ವರ್ಷ ಹಳೆಯ ಸೆಂಟರ್‌ಪಿನ್‌ಗಳನ್ನು ಹುಡುಕಿ ಕೊಂಡು, ಎಣ್ಣೆ ಬಿಟ್ಟು, ಹೊಳೆಗೆ ಒಯ್ಯುವವರು ಇಂದಿಗೂ ಇದ್ದಾರೆ. ಇದನ್ನು ಹಳೆಯದರ ಮೋಹ ಎಂದು ತಳ್ಳಿಹಾಕುವುದು ಸುಲಭ. ಆದರೆ ಸೋತ ಈ ಯಂತ್ರ ಒಂದು ಕೆಲಸದಲ್ಲಿ ಮಾತ್ರ ಸೋಲಲೇ ಇಲ್ಲ. ಆ ಕೆಲಸ ಯಾವುದೆಂದು ನೋಡೋಣ.

ಮೊದಲು ಒಂದು ಸಣ್ಣ ಪ್ರಯೋಗ. ಉಡುಗೊರೆಯ ಪೊಟ್ಟಣಕ್ಕೆ ಕಟ್ಟುವ ಚಪ್ಪಟೆ ರಿಬ್ಬನ್ನಿನ ಸುರುಳಿಯೊಂದನ್ನು ತನ್ನಿ. ಪೆನ್ಸಿಲ್ಲಿಗೆ ಸಿಕ್ಕಿಸಿ, ಸುರುಳಿ ತಿರುಗುವಂತೆ ರಿಬ್ಬನ್ನನ್ನು ಎಳೆಯಿರಿ. ಅದು ಚಪ್ಪಟೆಯಾಗಿಯೇ ಬರುತ್ತದೆ. ಈಗ ಸುರುಳಿಯನ್ನು ಅಲುಗದಂತೆ ಹಿಡಿದು, ರಿಬ್ಬನ್ನನ್ನು ಅದರ ಬದಿಯಿಂದ, ಪೆನ್ಸಿಲ್ಲಿನ ತುದಿಯ ದಿಕ್ಕಿಗೆ ಎಳೆಯಿರಿ. ಒಂದೊಂದು ಸುತ್ತು ಬಿಚ್ಚಿದಾಗಲೂ ರಿಬ್ಬನ್ನಿಗೆ ಒಂದೊಂದು ಹುರಿ ಬೀಳುತ್ತದೆ. ಚರಕದಲ್ಲಿ ನೂಲುವವರು ಮಾಡುವುದು ಇದನ್ನೇ. ಹಂಜಿಯನ್ನು ಕದಿರಿನ ತುದಿಯ ನೇರಕ್ಕೆ ಹಿಡಿದಾಗ ಕದಿರಿನ ಪ್ರತಿ ಸುತ್ತಿಗೂ ನೂಲಿಗೆ ಒಂದು ಹುರಿ ಸೇರುತ್ತದೆ. ಹುರಿ ಸಾಕಾದ ಮೇಲೆ ಕೈಯನ್ನು ಅಡ್ಡಕ್ಕೆ ತಂದರೆ ಅದೇ ಕದಿರು ನೂಲನ್ನು ಸುತ್ತಿಕೊಳ್ಳುತ್ತದೆ. ತುದಿಯಿಂದ ಬಂದರೆ ಹುರಿ, ಅಡ್ಡದಿಂದ ಬಂದರೆ ಹುರಿಯಿಲ್ಲ. ಈ ಮಾತನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಾಳದ ಕೋಲಿಗೆ ರೀಲು ಕಟ್ಟುವ ಪದ್ಧತಿ ಬಹಳ ಹಳೆಯದು. ಚೀನಾದ ಚಿತ್ರಕಾರ ಮಾ ಯುವಾನ್ 1195ರಲ್ಲಿ ಬರೆದ ಚಿತ್ರವೊಂದರಲ್ಲಿ ಚಳಿಗಾಲದ ಸರೋವರದ ದೋಣಿಯಲ್ಲಿ ಒಬ್ಬ ಕುಳಿತಿದ್ದಾನೆ. ಅವನ ಕೋಲಿನಲ್ಲಿ ರೀಲು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದರ ಪ್ರಸ್ತಾಪ ಬರುವುದು 1651ರಲ್ಲಿ, ಥಾಮಸ್ ಬಾರ್ಕರ್ ಎಂಬಾತನ ಪುಸ್ತಕದಲ್ಲಿ. ಆದರೆ ಇವೆಲ್ಲ ಮಿಕ್ಕ ದಾರವನ್ನು ಸುತ್ತಿಡುವ ಸಾಧನಗಳು, ಅಷ್ಟೆ. ದಾರವನ್ನು ಹೊಳೆಗೆ ಹದವಾಗಿ ಬಿಟ್ಟುಕೊಡುವುದೇ ರೀಲಿನ ಮುಖ್ಯ ಕೆಲಸ ಎಂಬ ಯೋಚನೆ ಬೆಳೆದದ್ದು 19ನೆಯ ಶತಮಾನದ ನಾಟಿಂಗ್‌ಹ್ಯಾಮ್ ನಗರದಲ್ಲಿ.

ನಾಟಿಂಗ್‌ಹ್ಯಾಮ್ ಇರುವುದು ಟ್ರೆಂಟ್ ನದಿಯ ದಡದಲ್ಲಿ. ಸುಮಾರು 300 ಕಿಲೋಮೀಟರ್ ಹರಿಯುವ ಈ ನದಿ ಇಂಗ್ಲೆಂಡಿನ ಮಟ್ಟಿಗೆ ದೊಡ್ಡದೇ. ಊರಿನ ಕಸುಬು ಕಾಲುಚೀಲ ಮತ್ತು ಲೇಸು. ಕಾಲುಚೀಲ ಹೆಣೆಯುವ ಯಂತ್ರವನ್ನು ವಿಲಿಯಂ ಲೀ ಇದೇ ಸೀಮೆಯಲ್ಲಿ 1589ರಲ್ಲಿ ಮಾಡಿದ ಎಂಬುದು ಪ್ರಸಿದ್ಧ. 1808ರಲ್ಲಿ ಜಾನ್ ಹೀತ್‌ಕೋಟ್, 1813ರಲ್ಲಿ ಜಾನ್ ಲೀವರ್ಸ್ ಲೇಸು ನೇಯುವ ಯಂತ್ರಗಳನ್ನು ಕಟ್ಟಿದರು. ಈ ಯಂತ್ರಗಳ ಜೀವಾಳವೆಂದರೆ ನಾಣ್ಯದಷ್ಟು ತೆಳುವಾದ, ದಾರ ಸುತ್ತಿದ ಹಿತ್ತಾಳೆಯ ಬಾಬಿನ್ನುಗಳು. ಯಂತ್ರದ ಎಳೆಗಳ ನಡುವೆ ನೂರಾರು ಬಾಬಿನ್ನುಗಳು ಹಿಂದಕ್ಕೂ ಮುಂದಕ್ಕೂ ತೂಗುತ್ತ ದಾರವನ್ನು ಬಿಟ್ಟುಕೊಡುತ್ತವೆ. ಇಂಥ ಬಾಬಿನ್ನನ್ನು ನೋಡಿಯೇ ನಾಟಿಂಗ್‌ಹ್ಯಾಮಿನವರಿಗೆ ಮರದ ರೀಲಿನ ಕಲ್ಪನೆ ಹೊಳೆಯಿತು ಎಂಬ ಪ್ರತೀತಿ ಇದೆ. ಕೇಳಲು ಚೆನ್ನಾಗಿದೆ. ನನ್ನ ಮಟ್ಟಿಗೆ ಬಾಬಿನ್ನಿಗಿಂತ ಮುಖ್ಯವಾದದ್ದು ಬೇರೆ ಎರಡು. ಜವಳಿ ಊರಿನಲ್ಲಿ ಮರ ಕಡೆಯುವ ಕುಶಲಕರ್ಮಿಗಳಿಗೆ ಕೊರತೆಯಿರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆಯನ್ನು ಕಡೆಯುವಂತೆ ಅಲ್ಲಿ ವಾಲ್ನಟ್ ಮರದಲ್ಲಿ ಗಾಲಿಯನ್ನು ಕಡೆದು ಕೊಡುವುದು ಕಷ್ಟದ ಮಾತಲ್ಲ. ಎರಡನೆಯದಾಗಿ, ತೆಳುವಾದರೂ ಗಟ್ಟಿಯಾದ ರೇಷ್ಮೆಯ ದಾರ ಆ ಊರಿನಲ್ಲಿ ಸುಲಭವಾಗಿ ಸಿಗುತ್ತಿತ್ತು. ದಪ್ಪ ದಾರಕ್ಕೆ ಸೂಕ್ಷ್ಮವಾದ ರೀಲು ಬೇಕಿಲ್ಲ, ತೆಳು ದಾರಕ್ಕೆ ಬೇಕು.

ಟ್ರೆಂಟ್ ನದಿಯವರ ಮೀನು ಹಿಡಿಯುವ ವಿಧಾನವನ್ನು ತಿಳಿಯದೆ ಈ ರೀಲು ಅರ್ಥವಾಗದು. ಬೆಂಡು ಕಟ್ಟಿದ ಗಾಳವನ್ನು ನೀವು ಕೆರೆಯ ಏರಿಯ ಮೇಲೆ ಕಂಡಿರಬಹುದು. ಬೆಂಡು ನೀರಿನ ಮೇಲೆ ನಿಂತಿರುತ್ತದೆ, ಮೀನು ಕಚ್ಚಿದರೆ ಮುಳುಗುತ್ತದೆ. ಹರಿಯುವ ಹೊಳೆಯಲ್ಲಿ ಬೆಂಡು ನಿಲ್ಲುವುದಿಲ್ಲ, ನೀರಿನೊಡನೆ ಸಾಗುತ್ತದೆ. ಅದು ಕೋಲಿನ ಉದ್ದವನ್ನು ದಾಟಿ ಹೋಗಬೇಕಾದರೆ ದಾರ ಬಿಡುತ್ತಲೇ ಇರಬೇಕು. ಥೇಮ್ಸ್ ನದಿಯವರು ದಾರವನ್ನು ಕೈಯಿಂದ ಎಳೆದು ದೋಣಿಯ ತಳದಲ್ಲಿ ಸುರುಳಿಯಾಗಿ ಬಿಟ್ಟುಕೊಳ್ಳುತ್ತಿದ್ದರು. ನಾಟಿಂಗ್‌ಹ್ಯಾಮಿನವರು ದಡದಲ್ಲೇ ನಿಂತು, ಹೊಳೆಯ ಸೆಳೆತಕ್ಕೇ ರೀಲು ತಿರುಗುವಂತೆ ಮಾಡಿದರು. ಬೆಂಡು ಇಪ್ಪತ್ತು, ಮೂವತ್ತು ಮೀಟರು ಕೆಳಗೆ ಹೋದರೂ ದಾರ ಒಂದೇ ಹದದಲ್ಲಿ ಹಿಂಬಾಲಿಸುತ್ತಿತ್ತು.

ಇಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ. ಹೊಳೆಯ ನೀರು ಮೇಲಿನಿಂದ ಕೆಳಗಿನವರೆಗೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ತಳದ ಕಲ್ಲು ಮರಳುಗಳ ತಡೆಯಿಂದ ಅಡಿಯ ನೀರು ನಿಧಾನ, ಮೇಲಿನದು ಚುರುಕು. ನದಿಯ ಹರಿವನ್ನು ಅಳೆಯುವ ಎಂಜಿನಿಯರರು ನೀರಿನ ಮೇಲೆ ತೇಲುವ ವಸ್ತುವೊಂದರ ವೇಗವನ್ನು ಗುರುತು ಮಾಡಿಕೊಂಡು, ಸರಾಸರಿ ವೇಗಕ್ಕಾಗಿ ಅದನ್ನು ಸುಮಾರು 0.85ರಿಂದ ಗುಣಿಸುವುದು ಇದೇ ಕಾರಣಕ್ಕೆ. ತಳಕ್ಕೆ ಹತ್ತಿರವಾದಂತೆ ವೇಗ ಇನ್ನೂ ಕಡಿಮೆ. ಗಾಳದ ಎರೆ ಇರುವುದು ತಳದ ಹತ್ತಿರ, ಬೆಂಡು ಇರುವುದು ಮೇಲೆ. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಅದು ಮುಂದೆ ಓಡಿ, ಎರೆಯನ್ನು ತಳದ ನೀರಿಗಿಂತ ಬೇಗ ದರದರನೆ ಎಳೆದುಕೊಂಡು ಹೋಗುತ್ತದೆ. ತಳದಲ್ಲಿ ಮೇಯುವ ಮೀನಿಗೆ ಅದು ಸಹಜವಾಗಿ ಕಾಣುವುದಿಲ್ಲ. ಆದ್ದರಿಂದ ಬೆಂಡನ್ನು ಸ್ವಲ್ಪವೇ ತಡೆಹಿಡಿಯಬೇಕು. ಪೂರ್ತಿ ಹಿಡಿದರೆ ಎರೆ ಮೇಲೇಳುತ್ತದೆ, ಪೂರ್ತಿ ಬಿಟ್ಟರೆ ಎಳೆದಾಡುತ್ತದೆ. ಇವೆರಡರ ನಡುವಿನ ಹದವನ್ನು ಕಾಯುವುದು ಸೆಂಟರ್‌ಪಿನ್ನಿನ ಅಂಚಿನ ಮೇಲೆ ಹಗುರವಾಗಿ ಇಟ್ಟ ಹೆಬ್ಬೆರಳು. ಆ ಬೆರಳು ಒತ್ತಡವನ್ನು ಕೂದಲೆಳೆಯಷ್ಟು ಹೆಚ್ಚಿಸಬಹುದು, ಕಡಿಮೆ ಮಾಡಬಹುದು. ಈ ರೀಲು ಸೋಲದ ಕೆಲಸ ಇದೇ.

ಮೀನು ಹಿಡಿಯುವುದರಲ್ಲೂ ಇಂಗ್ಲೆಂಡಿನಲ್ಲಿ ಮೇಲುಕೀಳು ಇತ್ತು. ಸಾಲ್ಮನ್, ಟ್ರೌಟ್ ಹಿಡಿಯುವುದು ಜಮೀನುದಾರರ ವಿನೋದ. ರೋಚ್, ಡೇಸ್, ಚಬ್, ಬಾರ್ಬೆಲ್ ಮುಂತಾದವಕ್ಕೆ ಒರಟು ಮೀನುಗಳು ಎಂದೇ ಹೆಸರು. ಅವನ್ನು ಹಿಡಿಯುತ್ತಿದ್ದವರಲ್ಲಿ ಗಿರಣಿಯವರು, ಗಣಿಯವರು, ಕುಶಲಕರ್ಮಿಗಳೇ ಹೆಚ್ಚು. (ಬಾರ್ಬೆಲ್ ನಮ್ಮ ಮಹಸೀರ್ ಮೀನಿನ ದೂರದ ನೆಂಟ. ಎರಡಕ್ಕೂ ಬಾಯಿಯ ಬಳಿ ಮೀಸೆಯುಂಟು.) ಮರದ ರೀಲು ಇವರ ಕೈಗೆಟಕುವ ಸಾಧನವಾಗಿತ್ತು. ನಾಟಿಂಗ್‌ಹ್ಯಾಮಿನ ವಿಲಿಯಂ ಬೈಲಿ 1857ರಲ್ಲಿ ಈ ವಿಧಾನದ ಬಗ್ಗೆ ಕೈಪಿಡಿ ಬರೆದ. 1882ರಲ್ಲಿ ಜೆ. ಡಬ್ಲ್ಯು. ಮಾರ್ಟಿನ್ ಬೆಂಡುಗಾಳದ ನಾಟಿಂಗ್‌ಹ್ಯಾಮ್ ಶೈಲಿಯ ಬಗ್ಗೆಯೇ ಒಂದು ಪುಸ್ತಕ ತಂದ. ಅವನ ಕಾವ್ಯನಾಮ ಟ್ರೆಂಟ್ ಆಟರ್, ಅಂದರೆ ಟ್ರೆಂಟ್ ನದಿಯ ನೀರುನಾಯಿ. ಒಂದು ಊರಿನ ಕೆಲಸಗಾರರ ರೂಢಿ ಹೀಗೆ ದೇಶಕ್ಕೆಲ್ಲ ತಿಳಿದ ಶೈಲಿಯಾಯಿತು.

ಈ ಜನರ ಹಿತವನ್ನು ಸಂಸತ್ತಿನಲ್ಲಿ ಎತ್ತಿ ಹಿಡಿದವನು ಎ. ಜೆ. ಮುಂಡೆಲ್ಲ. ಷೆಫೀಲ್ಡಿನ ಪ್ರತಿನಿಧಿಯಾದರೂ ನಾಟಿಂಗ್‌ಹ್ಯಾಮಿನ ಕಾಲುಚೀಲದ ಉದ್ಯಮದಲ್ಲಿ ಬೆಳೆದವನು. 1878ರಲ್ಲಿ ಅವನ ಪ್ರಯತ್ನದಿಂದ ಬಂದ ಸಿಹಿನೀರಿನ ಮೀನುಗಾರಿಕೆ ಕಾಯ್ದೆ, ಒರಟು ಮೀನುಗಳೂ ಮೊಟ್ಟೆಯಿಡುವ ಕಾಲದಲ್ಲಿ ರಕ್ಷಣೆಗೆ ಅರ್ಹ ಎಂದು ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳವನ್ನು ನಿಷೇಧಿಸಿತು. ಇಂಗ್ಲೆಂಡಿನ ನದಿಗಳಲ್ಲಿ ಆ ನಿಷೇಧದ ಅವಧಿ ಇಂದಿಗೂ ಅದೇ. 1880ರಲ್ಲಿ ಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಿದ ಕಾಯ್ದೆಯ ಹಿಂದೆ ಇದ್ದವನೂ ಇದೇ ಮುಂಡೆಲ್ಲ. ಜೂನ್ 15ರ ಬೆಳಗ್ಗೆ ಶಾಲೆ ತಪ್ಪಿಸಿ ಹೊಳೆಗೆ ಓಡುವ ಹುಡುಗರಿಗೆ ಅವನ ಎರಡೂ ಕಾಯ್ದೆಗಳು ಒಟ್ಟಿಗೆ ಅಡ್ಡ ಬಂದಿರಬೇಕು!

ಈ ಗಾಳದ ವಿದ್ಯೆಗೆ ನಮ್ಮ ಕರಾವಳಿಯ ನಂಟೂ ಉಂಟು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಭಾರತದ ಹೊಳೆಗಳಲ್ಲಿ ಗಾಳ ಹಾಕುವುದರ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ ಅವನ ಇನ್ನೊಂದು ಪುಸ್ತಕ 1887ರಲ್ಲಿ ಹೊರಬಂತು. ಆದರೆ ನಮ್ಮ ಹೊಳೆಗಳಲ್ಲಿ ದೊರೆಗಳ ಕಣ್ಣಿದ್ದದ್ದು ಮಹಸೀರ್ ಮೇಲೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕಿಲೋಗ್ರಾಂ ತೂಗಿತು. ಅಂಥ ಮೀನಿಗೆ ಬೇಕಾದದ್ದು ದಪ್ಪ ದಾರದ, ಭಾರವಾದ ರೀಲು. ನಾಟಿಂಗ್‌ಹ್ಯಾಮಿನ ಸೂಕ್ಷ್ಮ ಗಾಲಿಗೆ ಅಲ್ಲಿ ಕೆಲಸವಿರಲಿಲ್ಲ. ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಸೀರನ್ನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿ ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಗಿದೆ.

ಮತ್ತೆ ಟ್ರೆಂಟ್ ದಡಕ್ಕೆ ಬರೋಣ. ಮರದ ರೀಲಿಗೆ ಒಂದು ಜನ್ಮದೋಷವಿತ್ತು. ನೆನೆದರೆ ಮರ ಉಬ್ಬುತ್ತದೆ, ಒಣಗಿದರೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಗಾಲಿ ಹಿಂಬದಿಯ ಹಲಗೆಗೆ ಉಜ್ಜುತ್ತದೆ. ಇದನ್ನು ತಡೆಯಲು ಹಿಂಬದಿಗೆ ನಕ್ಷತ್ರದ ಆಕಾರದ ಹಿತ್ತಾಳೆಯ ಪಟ್ಟಿ ಬಿಗಿದರು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸ್ಟಾರ್‌ಬ್ಯಾಕ್ ಎಂದು ಕರೆಯುವುದು ಈ ರೀಲುಗಳನ್ನೇ. ಅದರಿಂದ ಸಮಸ್ಯೆ ಕಡಿಮೆಯಾಯಿತೇ ಹೊರತು ತೀರಲಿಲ್ಲ. ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮವಾದದ್ದು. ಮರದ ಗಾಲಿ ದಪ್ಪ, ಭಾರ. ನಿಧಾನವಾದ ನೀರಿನ ಸೆಳೆತಕ್ಕೆ ಅದು ಕದಲಲು ಹಿಂದೇಟು ಹಾಕುತ್ತದೆ. ಒಮ್ಮೆ ಕದಲಿತೆಂದರೆ ನಿಲ್ಲಲೂ ಒಲ್ಲದು.

ಇದಕ್ಕೆ ಉತ್ತರ ಕೊಟ್ಟವನು ನಾಟಿಂಗ್‌ಹ್ಯಾಮಿನ ಹೆನ್ರಿ ಕಾಕ್ಸನ್. ಅವನ ವಿನ್ಯಾಸವನ್ನು ರೆಡಿಚ್ ಊರಿನ ಆಲ್‌ಕಾಕ್ ಕಂಪನಿ 1896ರ ಹೊತ್ತಿಗೆ ತಯಾರಿಸತೊಡಗಿತು. ಏರಿಯಲ್ ಎಂಬ ಹೆಸರು ಅದಕ್ಕೆ ಒಪ್ಪುವಂಥದೇ. ಎರಡು ತೆಳು ತಟ್ಟೆಗಳು, ಅವುಗಳ ನಡುವೆ ಅಡ್ಡ ಕಂಬಿಗಳು, ಆ ಕಂಬಿಗಳನ್ನು ನಡುವಿನ ಗುಂಬಕ್ಕೆ ಬಿಗಿದು ಹಿಡಿದ ತಂತಿಯ ಕಡ್ಡಿಗಳು. ದಾರ ಸುತ್ತುವುದು ಆ ಕಂಬಿಗಳ ಮೇಲೆ, ಒಳಗೆಲ್ಲ ಬರಿಯ ಗಾಳಿ. ಇದನ್ನು ನೋಡಿದವರಿಗೆ ಥಟ್ಟನೆ ನೆನಪಾಗುವುದು ಸೈಕಲ್ ಚಕ್ರ. ನಮ್ಮ ಅಜ್ಜಂದಿರ ಕಾಲದ ರ‍್ಯಾಲೆ ಸೈಕಲ್ಲನ್ನು ಕೇಳಿದ್ದೀರಲ್ಲ, ಆ ಹೆಸರು ಬಂದದ್ದು ನಾಟಿಂಗ್‌ಹ್ಯಾಮಿನ ಒಂದು ಬೀದಿಯಿಂದ. 1880ರ ದಶಕದಲ್ಲಿ ಆ ಕಂಪನಿ ಹುಟ್ಟಿದ್ದೂ ಅಲ್ಲೇ. ಬಿಗಿದ ಕಡ್ಡಿಗಳ ಚಕ್ರ ಹಗುರವಾಗಿದ್ದೂ ಭಾರ ಹೊರುತ್ತದೆ ಎಂಬುದನ್ನು ಆ ಊರಿನ ಮಕ್ಕಳೂ ಕಂಡಿದ್ದರು.

ಹಗುರವಾದ ಗಾಲಿ ಏಕೆ ಬೇಗ ಕದಲುತ್ತದೆ ಎಂಬುದು ಪಿಯುಸಿ ಓದಿದವರಿಗೆ ಗೊತ್ತು. ತಿರುಗುವ ವಸ್ತುವಿನ ಜಡತ್ವ ಅದರ ರಾಶಿಯನ್ನು ಮಾತ್ರವಲ್ಲ, ಆ ರಾಶಿ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸಿದೆ. ಅಂಚಿನಲ್ಲಿ ಒಂದು ಗ್ರಾಂ ಕಡಿಮೆ ಮಾಡಿದರೆ ನಡುವೆ ಹಲವು ಗ್ರಾಂ ಕಡಿಮೆ ಮಾಡಿದಷ್ಟು ಲಾಭ. ಹಾಗಾದರೆ ಗಾಲಿಯನ್ನೇ ಚಿಕ್ಕದು ಮಾಡಬಾರದೇಕೆ? ಮಾಡಿದರೆ ದಾರ ಎಳೆದುಕೊಳ್ಳುವುದು ನಿಧಾನವಾಗುತ್ತದೆ. 4 ಅಂಗುಲ ವ್ಯಾಸದ ಗಾಲಿ ಒಂದು ಸುತ್ತಿಗೆ ಸುಮಾರು 32 ಸೆಂಟಿಮೀಟರ್ ದಾರ ಸುತ್ತುತ್ತದೆ, 3 ಅಂಗುಲದ್ದು ಸುಮಾರು 24 ಮಾತ್ರ. ಬೆಂಡು ಮೂವತ್ತು ಮೀಟರು ದೂರ ಹೋಗಿದ್ದರೆ ಮೊದಲನೆಯದಕ್ಕೆ 94 ಸುತ್ತು, ಎರಡನೆಯದಕ್ಕೆ 125. ದೊಡ್ಡದಾಗಿಯೂ ಹಗುರವಾಗಿಯೂ ಇರಬೇಕು ಎಂಬ ವಿರೋಧಾಭಾಸವನ್ನು ಕಡ್ಡಿಗಳ ಚಕ್ರ ಬಿಡಿಸಿತು. ರೆಡಿಚ್ ಊರಿಗೂ ಇದಕ್ಕೆ ಬೇಕಾದ ಹಸ್ತಕೌಶಲವಿತ್ತು. ಅದು ಸೂಜಿಯ ಊರು. ಉಕ್ಕಿನ ತಂತಿಯನ್ನು ಹದಮಾಡಿ ಸೂಜಿ ಮಾಡಿದವರು ಗಾಳದ ಕೊಕ್ಕೆ ಮಾಡಿದರು, ಕೊಕ್ಕೆಯಿಂದ ರೀಲಿಗೆ ಬಂದರು. ಏರಿಯಲ್ ಮಾದರಿಗಳು 1960ರ ದಶಕದವರೆಗೂ ಬೇರೆ ಬೇರೆ ರೂಪದಲ್ಲಿ ಅಲ್ಲಿಂದ ಹೊರಬಂದವು.

ಇನ್ನು ಪ್ರತಿಸ್ಪರ್ಧಿಯ ಕಥೆ. ತಿರುಗುವ ಗಾಲಿಗೆ ಒಂದು ಅಸಾಧ್ಯ ಕೆಲಸವಿದೆ, ಹಗುರವಾದ ಎರೆಯನ್ನು ದೂರಕ್ಕೆ ಎಸೆಯುವುದು. ಎಸೆದ ಕ್ಷಣದಲ್ಲಿ ಗಾಲಿಯನ್ನು ನಿಂತಲ್ಲಿಂದ ವೇಗಕ್ಕೆ ತರಬೇಕು. ಹಗುರವಾದ ಎರೆಗೆ ಅಷ್ಟು ಬಲವಿಲ್ಲ. ಬಲ ಕೊಟ್ಟು ತಿರುಗಿಸಿದರೆ ಎರೆ ನೀರಿಗೆ ಬಿದ್ದ ಮೇಲೂ ಗಾಲಿ ತಿರುಗುತ್ತಲೇ ಇದ್ದು ದಾರ ಕಾಗೆಗೂಡಿನಂತೆ ಗೋಜಲಾಗುತ್ತದೆ. ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ 1884ರಲ್ಲಿ ಜಾಣ ಉಪಾಯ ಕಂಡುಹಿಡಿದ. ಎಸೆಯುವಾಗ ರೀಲನ್ನೇ ಕಾಲುಭಾಗ ಹೊರಳಿಸಿ ದಾರ ಬದಿಯಿಂದ ಜಾರುವಂತೆ ಮಾಡುವುದು, ಆಮೇಲೆ ಮತ್ತೆ ಹೊರಳಿಸಿ ಮಾಮೂಲಿನಂತೆ ಸುತ್ತುವುದು. ನಿಮ್ಮ ರಿಬ್ಬನ್ನಿನ ಪ್ರಯೋಗ ನೆನಪಿದೆಯೇ? ದಾರ ಹೋಗುವಾಗ ಬದಿಯಿಂದ, ಬರುವಾಗ ಅಡ್ಡದಿಂದ. ಅಂದರೆ ಪ್ರತಿ ಎಸೆತಕ್ಕೂ ಹುರಿ ಸೇರುತ್ತದೆ, ಬಿಚ್ಚುವುದಿಲ್ಲ. ಕೆಲವೇ ಎಸೆತಗಳಲ್ಲಿ ದಾರ ಹಾವಿನಂತೆ ಸುರುಳಿಗಟ್ಟುತ್ತದೆ.

1905ರಲ್ಲಿ ಪೇಟೆಂಟ್ ಪಡೆದ ಆಲ್‌ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ ಈ ಗಂಟನ್ನು ಬಿಡಿಸಿದ. ಅವನು ಉಣ್ಣೆಯ ಗಿರಣಿಗಳ ಊರಾದ ಬ್ರಾಡ್‌ಫರ್ಡಿನ ಗಿರಣಿ ಮನೆತನದವನು. ಗಿರಣಿಯಲ್ಲಿ ನೂಲು ನಿಂತ ಕಂಡಿಕೆಯ ತುದಿಯಿಂದ ಸರ್ರನೆ ಜಾರುವುದು ದಿನನಿತ್ಯದ ನೋಟ. ಅವನ ರೀಲಿನಲ್ಲಿ ಗಾಲಿ ಕೋಲಿನ ನೇರಕ್ಕೆ ನಿಂತಿರುತ್ತದೆ. ಎಸೆದಾಗ ದಾರ ತುದಿಯಿಂದ ಜಾರುತ್ತದೆ. ಎಳೆದುಕೊಳ್ಳುವಾಗ ಗಾಲಿಯ ಸುತ್ತ ಒಂದು ಕೊಂಡಿ ಸುತ್ತುತ್ತ ದಾರವನ್ನು ಹಿಂದಕ್ಕೆ ಹೊದಿಸುತ್ತದೆ. ಹೋಗುವಾಗ ಬಿದ್ದ ಹುರಿ ಬರುವಾಗ ಬಿಚ್ಚಿಕೊಳ್ಳುತ್ತದೆ. ತಿರುಗಿಸಬೇಕಾದ ಗಾಲಿಯೇ ಇಲ್ಲವಾದ್ದರಿಂದ ಕೆಲವೇ ಗ್ರಾಂ ತೂಕದ ಎರೆಯೂ ದೂರ ಹೋಗುತ್ತದೆ. ಸ್ವಾರಸ್ಯ ನೋಡಿ: ಸೆಂಟರ್‌ಪಿನ್ ಬೆಳೆದದ್ದು ಲೇಸಿನ ಊರಿನಲ್ಲಿ, ಅದನ್ನು ಸೋಲಿಸಿದ ಯಂತ್ರ ಹುಟ್ಟಿದ್ದು ಉಣ್ಣೆಯ ಊರಿನಲ್ಲಿ.

ಗೆಲುವು ಕೂಡಲೇ ಬರಲಿಲ್ಲ. ನೆನೆದ ರೇಷ್ಮೆ ದಾರ ಅಂಟಿಕೊಳ್ಳುತ್ತದೆ, ತುದಿಯಿಂದ ಸಲೀಸಾಗಿ ಜಾರುವುದಿಲ್ಲ. 1930ರ ದಶಕದ ಆರಂಭದಲ್ಲಿ ಹಾರ್ಡಿ ಕಂಪನಿಯ ಆಲ್ಟೆಕ್ಸ್ ರೀಲು ದಾರವನ್ನು ತಾನೇ ಹಿಡಿದುಕೊಳ್ಳುವ ಬಾಗಿದ ಕಂಬಿಯನ್ನು ತಂದಿತು. ಆದರೆ ಕದನವನ್ನು ತೀರ್ಮಾನಿಸಿದ್ದು ನೈಲಾನ್. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ನಂತರ ಗಾಳದ ದಾರವಾಗಿ ಮನೆಮನೆಗೆ ಬಂದ ನೈಲಾನ್ ನುಣುಪು, ನೀರು ಹೀರದು, ಅಗ್ಗ. ಗಡಿಯಾರದ ಬಿಡಿಭಾಗಗಳಿಗೆ ಹೆಸರಾದ ಫ್ರಾನ್ಸಿನ ಕ್ಲೂಸ್ ಊರಿನಿಂದ ಮಿಚೆಲ್ ಎಂಬ ರೀಲು ರಾಶಿರಾಶಿಯಾಗಿ ಬಂತು. ಅರ್ಧ ದಿನದಲ್ಲಿ ಕಲಿಯಬಹುದಾದ ಯಂತ್ರದ ಮುಂದೆ ವರ್ಷಗಟ್ಟಲೆ ಅಭ್ಯಾಸ ಬೇಡುವ ಯಂತ್ರ ನಿಲ್ಲಲಾಗಲಿಲ್ಲ. 1960ರ ದಶಕದಲ್ಲಿ ಆಲ್‌ಕಾಕ್ ಕಂಪನಿ ಅಮೆರಿಕದ ಷೇಕ್ಸ್‌ಪಿಯರ್ ಸಂಸ್ಥೆಯ ಪಾಲಾಯಿತು.

ಆದರೂ ಹೊಳೆಯ ತಳದ ನೀರು ಮೇಲಿನ ನೀರಿಗಿಂತ ನಿಧಾನವಾಗಿ ಹರಿಯುವುದನ್ನು ಬಿಡಲಿಲ್ಲವಲ್ಲ! ತುದಿಯಿಂದ ಸುರುಳಿಸುರುಳಿಯಾಗಿ ಬರುವ ದಾರವನ್ನು ಬೆರಳಿನಿಂದ ತಡೆಯಬಹುದು, ಬಿಡಬಹುದು. ಆದರೆ ತಡೆಯುವುದಕ್ಕೂ ಬಿಡುವುದಕ್ಕೂ ನಡುವಿನ ಹದ ಅಲ್ಲಿ ಸುಲಭವಾಗಿ ಸಿಗದು. ಬೆಂಡು ತಡೆದು ತಡೆದು ಸಾಗುತ್ತದೆ. ಹಾಗಾಗಿ ಬೆಂಡನ್ನು ದೂರ ಹರಿಯಬಿಡುವ ಕೆಲವರು ಹಳೆಯ ರೀಲನ್ನು ಕೈಬಿಡಲಿಲ್ಲ. 1993ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಎ ಪ್ಯಾಷನ್ ಫಾರ್ ಆ್ಯಂಗ್ಲಿಂಗ್' ಎಂಬ ಆರು ಕಂತುಗಳ ಸರಣಿ ಹೊಸ ಪೀಳಿಗೆಯ ಕಣ್ಣನ್ನು ಇತ್ತ ಹೊರಳಿಸಿತು. ವನ್ಯಜೀವಿ ಛಾಯಾಗ್ರಾಹಕ ಹ್ಯೂ ಮೈಲ್ಸ್ ಅದನ್ನು ಚಿತ್ರಿಸಿದ. ಕ್ರಿಸ್ ಯೇಟ್ಸ್ ಮತ್ತು ಬಾಬ್ ಜೇಮ್ಸ್ ಬಿದಿರಿನ ಕೋಲು, ಹಳೆಯ ರೀಲುಗಳೊಡನೆ ಹೊಳೆಯಿಂದ ಹೊಳೆಗೆ ಅಲೆಯುತ್ತಾರೆ. ಮೀನಿಗಿಂತ ಹೆಚ್ಚು ಹೊತ್ತು ಮಂಜು, ಹಕ್ಕಿ, ನೀರಿನ ಬೆಳಕನ್ನೇ ತೋರಿಸುವ ಧೈರ್ಯ ಅದಕ್ಕಿತ್ತು. ನಮ್ಮ ಕಸುಬಿನವರು ಅದನ್ನು ಒಮ್ಮೆ ನೋಡಬೇಕು. ಅಮೆರಿಕ, ಕೆನಡಾಗಳ ಮಹಾಸರೋವರಗಳಿಗೆ ಸೇರುವ ಹೊಳೆಗಳಲ್ಲಿ ಸ್ಟೀಲ್‌ಹೆಡ್ ಮೀನು ಹಿಡಿಯುವವರೂ ಸೆಂಟರ್‌ಪಿನ್ನನ್ನೇ ನೆಚ್ಚಿಕೊಂಡಿದ್ದಾರೆ. ಅವರಿಗಾಗಿ ಹೊಸ ರೀಲುಗಳು ಇಂದಿಗೂ ತಯಾರಾಗುತ್ತಿವೆ.

ಹಳೆಯ ರೀಲೊಂದು ನಿಮ್ಮ ಕೈಗೆ ಬಂದರೆ ಅದನ್ನು ಹೇಗೆ ಪರೀಕ್ಷಿಸುತ್ತೀರಿ? ಮಾರುವವರು ಮೊದಲು ಗಾಲಿಯನ್ನು ಜೋರಾಗಿ ತಿರುಗಿಸಿ, ಎಷ್ಟು ಹೊತ್ತು ತಿರುಗುತ್ತದೆ ನೋಡಿ ಎನ್ನುತ್ತಾರೆ. ಮರುಳಾಗಬೇಡಿ. ಭಾರವಾದ ಗಾಲಿ ಹೆಚ್ಚು ಹೊತ್ತು ತಿರುಗುವುದು ಅದರ ಜಡತ್ವದಿಂದ, ಅದು ಗುಣವಲ್ಲ. ಕೇಳಬೇಕಾದ ಪ್ರಶ್ನೆ ಎಷ್ಟು ಕಡಿಮೆ ಎಳೆತಕ್ಕೆ ಅದು ಕದಲುತ್ತದೆ ಎಂಬುದು. ಸ್ವಲ್ಪ ದಾರ ಸುತ್ತಿ, ತುದಿಗೆ ಸಣ್ಣ ತೂಕ ಕಟ್ಟಿ ಇಳಿಬಿಡಿ. ತೂಕವನ್ನು ಕಡಿಮೆ ಮಾಡುತ್ತ ಹೋಗಿ. ಯಾವ ತೂಕಕ್ಕೆ ಗಾಲಿ ಕದಲುವುದಿಲ್ಲವೋ ಅಲ್ಲಿಗೆ ಅದರ ಯೋಗ್ಯತೆ ತಿಳಿಯಿತು. ಗಾಲಿಯನ್ನು ಬೇರೆ ಬೇರೆ ಸ್ಥಾನದಲ್ಲಿ ನಿಲ್ಲಿಸಿ ಇದನ್ನೇ ಮಾಡಿ. ಒಂದೇ ಜಾಗದಲ್ಲಿ ಪದೇ ಪದೇ ನಿಂತರೆ ಅಂಚು ಬಾಗಿದೆ, ಇಲ್ಲವೇ ಕೀಲು ಸೊಟ್ಟಗಾಗಿದೆ. ಬಾಗಿದ ಕೀಲನ್ನು ಸರಿಪಡಿಸುವುದು ಒಳ್ಳೆಯ ಲೇತು ಕೆಲಸಗಾರನಿಗೂ ಕಷ್ಟ. ಗಾಲಿಯನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಆಟವಿದ್ದರೆ ಸರಿ, ಕಟಕಟ ಎಂದರೆ ಒಳಗಿನ ತೂತು ಸವೆದಿದೆ. ತೆಳು ನೈಲಾನ್ ದಾರ ಗಾಲಿಗೂ ಹಿಂಬದಿಯ ತಟ್ಟೆಗೂ ನಡುವಿನ ಸಂದಿಗೆ ನುಗ್ಗುವಂತಿದ್ದರೆ ಆ ರೀಲು ಕಪಾಟಿಗೇ ಲೇಸು. ರೇಷ್ಮೆ ದಾರದ ಕಾಲದ ಎಷ್ಟೋ ರೀಲುಗಳಲ್ಲಿ ಈ ತೊಂದರೆಯಿದೆ.

ಯಾವುದನ್ನು ಆರಿಸಬೇಕು? ಮರದ ರೀಲು ನೋಡಲು ಚೆಂದ. ಈ ವಯಸ್ಸಿನಲ್ಲಿ ಅದನ್ನು ನೀರಿಗೆ ಒಯ್ಯುವುದು ಅನ್ಯಾಯ. ಏರಿಯಲ್‌ಗಳು ಸಂಗ್ರಹಕಾರರ ಕಣ್ಣಿಗೆ ಬಿದ್ದು ಬೆಲೆ ಏರಿಸಿಕೊಂಡಿವೆ. ಆಲ್‌ಕಾಕ್ ಕಂಪನಿಯದೇ ಏರಿಯಲೈಟ್ ಬೇಕಲೈಟಿನದು, ಅಗ್ಗ. ಆದರೆ ಒಮ್ಮೆ ಕಲ್ಲಿನ ಮೇಲೆ ಬಿದ್ದರೆ ಮುಗಿಯಿತು, ಆದ್ದರಿಂದ ಅಂಚಿನಲ್ಲಿ ಸಣ್ಣ ಬಿರುಕು ಇದೆಯೇ ನೋಡಬೇಕು. ಕೆಲಸಕ್ಕೆ ಬೇಕೆನ್ನುವವರಿಗೆ ರೆಡಿಚ್‌ನ ಜೆ. ಡಬ್ಲ್ಯು. ಯಂಗ್ ಕಂಪನಿಯ ಟ್ರುಡೆಕ್ಸ್, ರ‍್ಯಾಪಿಡೆಕ್ಸ್ ಮಾದರಿಗಳೇ ಸಾಕೆಂದು ನನ್ನ ಅಭಿಪ್ರಾಯ. ಅವು ಗಟ್ಟಿ, ಸರಳ, ಕೆಲಸಗಾರರ ರೀಲುಗಳು. ಕೋಲಿಗೆ ಕೂರುವ ಪಾದವನ್ನು ಹಿಂದಿನ ಯಜಮಾನರು ಅರದಿಂದ ಉಜ್ಜಿರುವುದು ಸಾಮಾನ್ಯ. ಸಂಗ್ರಹಕಾರರಿಗೆ ಅದು ದೋಷ, ಮೀನು ಹಿಡಿಯುವವರಿಗೆ ಅಲ್ಲ. ಗಾಲಿಯನ್ನು ಕಳಚಿ ಹಳೆಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೀಲಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ಹನಿ ಬಿಟ್ಟರೆ ಸಾಕು. ಗ್ರೀಸು ಹಚ್ಚಿದರೆ ಗಾಲಿ ತೂಕಡಿಸುತ್ತದೆ. ಹಿತ್ತಾಳೆಯನ್ನು ಬ್ರಾಸೊ ಹಾಕಿ ಫಳಫಳ ಹೊಳೆಯಿಸುವುದು ಹಳೆಯ ವಸ್ತುವಿನ ಚರಿತ್ರೆಯನ್ನೇ ಉಜ್ಜಿ ತೆಗೆದಂತೆ.

ದಾರ ತುಂಬುವಾಗ ಅಡಿಯಲ್ಲಿ ದಪ್ಪ ದಾರವನ್ನು ತಳಹದಿಯಾಗಿ ಸುತ್ತಿ, ಮೇಲೆ ಎಂಬತ್ತು ನೂರು ಮೀಟರ್ ತೆಳು ದಾರ ಸುತ್ತಬೇಕು. ಆಗ ಗಾಲಿಯ ಪೂರ್ತಿ ವ್ಯಾಸ ಕೆಲಸಕ್ಕೆ ಬರುತ್ತದೆ. ತುಂಬ ಬಿಗಿಯಾಗಿ ಸುತ್ತಿದರೆ ಮೇಲಿನ ದಾರ ಕೆಳಗಿನ ಪದರಗಳಲ್ಲಿ ಹೂತುಕೊಂಡು, ಬೆಂಡು ನಡುದಾರಿಯಲ್ಲಿ ತಟ್ಟನೆ ನಿಲ್ಲುತ್ತದೆ. ಎಸೆಯುವುದಕ್ಕೆ ವಾಲಿಸ್ ಎಂಬ ನಾಟಿಂಗ್‌ಹ್ಯಾಮ್ ಶೈಲಿಯ ನಿಪುಣನ ಹೆಸರಿನ ವಿಧಾನವಿದೆ. ಒಂದು ಕೈಯಿಂದ ದಾರವನ್ನು ಎಳೆದು ಗಾಲಿಗೆ ವೇಗ ಕೊಟ್ಟು, ಅದೇ ಕ್ಷಣದಲ್ಲಿ ಕೋಲನ್ನು ಬೀಸಿ, ಎರೆ ನೀರು ಮುಟ್ಟುವ ಮೊದಲೇ ಹೆಬ್ಬೆರಳಿನಿಂದ ಗಾಲಿಯನ್ನು ನಿಲ್ಲಿಸುವುದು. ನೋಡಲು ನೃತ್ಯದಂತಿರುತ್ತದೆ. ಹೊಸಬರು ಅದರ ಗೋಜಿಗೆ ಹೋಗದೆ, ಕೋಲಿನ ಉಂಗುರಗಳ ನಡುವಿನಿಂದ ಎರಡು ಮೂರು ಕುಣಿಕೆ ದಾರವನ್ನು ಬೆರಳುಗಳಲ್ಲಿ ಎಳೆದಿಟ್ಟುಕೊಂಡು, ಕೋಲನ್ನು ಮೆಲ್ಲಗೆ ಬೀಸಿ ಒಂದೊಂದಾಗಿ ಬಿಡಬಹುದು. ಬೆಂಡು ನೀರಿಗಿಳಿದ ಮೇಲೆ ಹೊಳೆಯೇ ಉಳಿದ ಕೆಲಸ ಮಾಡುತ್ತದೆ. ಕೆಲವರು ಆತುರಕ್ಕೆ ಮ್ಯಾಲಕ್‌ನಂತೆ ದಾರವನ್ನು ಗಾಲಿಯ ಬದಿಯಿಂದ ಜಾರಿಸುತ್ತಾರೆ. ಆಗ ಏನಾಗುತ್ತದೆಂದು ನಿಮಗೆ ಗೊತ್ತು.

ಬೆಂಡು ಮುಳುಗಿದ ಕೂಡಲೇ ಹೆಬ್ಬೆರಳು ಗಾಲಿಯನ್ನು ಅದುಮಬೇಕು, ಕೋಲು ಮೇಲೇಳಬೇಕು. ಎರಡೂ ಒಂದೇ ಚಲನೆ. ದೊಡ್ಡ ಮೀನು ಓಡಿದರೆ ಅದೇ ಹೆಬ್ಬೆರಳೇ ಬ್ರೇಕು. ಹಿಡಿಗಳ ಹತ್ತಿರ ಗೆಣ್ಣು ಹೋದರೆ ಪೆಟ್ಟು ಖಂಡಿತ. ಖಾಲಿ ಗಾಳವನ್ನು ಬೇಗ ಹಿಂದಕ್ಕೆ ತರಲು ಹಿಡಿ ತಿರುಗಿಸುತ್ತ ಕೂರುವುದಿಲ್ಲ, ಅಂಗೈಯಿಂದ ಗಾಲಿಯ ಅಂಚನ್ನು ತಟ್ಟಿ ತಟ್ಟಿ ಓಡಿಸುತ್ತಾರೆ, ಬುಗುರಿಗೆ ಏಟು ಕೊಟ್ಟಂತೆ. ಹಳೆಯ ರೀಲಿನ ಜೊತೆಗೆ ಹಳೆಯ ಡಬ್ಬಿಯ ಸೀಸದ ಗುಂಡುಗಳು ಸಿಕ್ಕರೆ ಅವನ್ನು ಬಳಸಬೇಡಿ. ಹೊಳೆಯಲ್ಲಿ ಬಿದ್ದ ಸೀಸವನ್ನು ನುಂಗಿ ಹಂಸಗಳು ಸಾಯುತ್ತಿದ್ದ ಕಾರಣ ಬ್ರಿಟನ್ನಿನಲ್ಲಿ 1987ರಿಂದ ಗಾಳದ ಸಣ್ಣ ಸೀಸದ ತೂಕಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಸಂಜೆ ಮನೆಗೆ ಹೊರಟಾಗ ರೀಲಿನ ಹಿಂಬದಿಯ ಪುಟ್ಟ ಗುಂಡಿಯನ್ನು ಒತ್ತಿ ಹಲ್ಲಿನ ತಡೆಯನ್ನು ಹಾಕಿಕೊಳ್ಳುವುದು ರೂಢಿ. ಇಲ್ಲವಾದರೆ ದಾರಿಯುದ್ದಕ್ಕೂ ಗಾಲಿ ತನ್ನ ಪಾಡಿಗೆ ದಾರ ಬಿಚ್ಚಿಕೊಳ್ಳುತ್ತ ಬರುತ್ತದೆ.